ಸಣ್ಣ ಮನೆಗೊಂದು ದೊಡ್ಡ ಷೋಕೇಸು

ದೊಡ್ಡ ಮನೆ ಮಾರಿ ಸಣ್ಣ ಮನೆಗೆ ಹೋಗೋಣ ಎಂದು ಮೊದಲು ಹೇಳಿದ್ದು ಅಕ್ಕ. ಪ್ರಿನ್ಸಿಪಾಲರ ಹೆಂಡತಿಯನ್ನು ಬೀದಿಯವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದರು. ಅವರಿಗೆ ಮಂಡಿ ಸವೆದು ಮೆಟ್ಟಿಲು ಹತ್ತುವುದು ಕಷ್ಟವಾಗಿತ್ತು. ಭುಜ ಬಿಗಿದುಕೊಂಡು ಬಲಗೈ ತಲೆಯವರೆಗೂ ಏಳುತ್ತಿರಲಿಲ್ಲ. ಮಹಡಿಯ ಕೋಣೆಗಳಿಗೆ ಗುಡಿಸುವುದಕ್ಕಲ್ಲದೆ ಬೇರೆ ಯಾವುದಕ್ಕೂ ಯಾರೂ ಕಾಲಿಡುತ್ತಿರಲಿಲ್ಲ, ಗುಡಿಸುವವರೂ ಅಕ್ಕನೇ.

ಪ್ರಿನ್ಸಿಪಾಲರು ಈ ಮಾತನ್ನು ಬಹಳ ಕಾಲ ಕಿವಿಗೇ ಹಾಕಿಕೊಳ್ಳಲಿಲ್ಲ. ನಿವೃತ್ತರಾಗಿ ವರ್ಷಗಳೇ ಕಳೆದಿದ್ದರೂ ಅವರ ಕಿವಿ ಇನ್ನೂ ಸ್ಟಾಫ್ ಮೀಟಿಂಗಿನಲ್ಲೇ ಇತ್ತು. ತಾವಾಡಿದ್ದು ಮಾತ್ರ ಕೇಳಿಸುತ್ತಿತ್ತು. ಹೀಗಿರುವಾಗ ಹಿರಿಯರ ಕ್ಲಬ್ಬಿನಲ್ಲಿ ಅವರು ಭಾಷಣ ಮಾಡುವ ಸರದಿ ಬಂತು. ವಿಷಯ ಏನೂ ಹೊಳೆಯಲಿಲ್ಲ. ಕೊನೆಗೆ 'ಕಡಿಮೆಯಲ್ಲಿ ಬದುಕುವ ಕಲೆ' ಎಂದು ಶುರುಮಾಡಿ, ಮನುಷ್ಯನಿಗೆ ಬೇಕಾದ ಜಾಗವೆಷ್ಟು, ಸಾಮಾನೆಷ್ಟು ಎಂದೆಲ್ಲ ವಿವರಿಸಿ, ಆವೇಶ ತಡೆಯಲಾರದೆ ತಾವೂ ಮನೆ ಮಾರಿ ಸಣ್ಣ ಮನೆಗೆ ಹೊರಟಿರುವುದಾಗಿ ಸಾರಿಬಿಟ್ಟರು. ಚಪ್ಪಾಳೆ ಜೋರಾಗಿ ಬಿತ್ತು. ಚಪ್ಪಾಳೆ ಬಿದ್ದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಜಾಯಮಾನ ಅವರದಲ್ಲ.

ಅಕ್ಕನಿಗೆ ಸುದ್ದಿ ಮುಟ್ಟಿದ್ದು ತರಕಾರಿ ಅಂಗಡಿಯಲ್ಲಿ, ಪಕ್ಕದ ಮನೆಯಾಕೆಯ ಬಾಯಿಂದ. ಯಾರ ಬಾಯಿಂದಾದರೇನು, ಆಗುವ ಕೆಲಸ ಆಗುತ್ತಿದೆಯಲ್ಲ ಎಂದುಕೊಂಡು ತರಕಾರಿ ತೂಗಿಸಿದರು.

ನೆಲಮಹಡಿಯ ಒಂದು ಫ್ಲ್ಯಾಟು ಸಿಕ್ಕಿತು. ಒಂದು ಹಾಲು, ಎರಡು ಕೋಣೆ, ಇಬ್ಬರು ಒಟ್ಟಿಗೆ ನಿಂತರೆ ಒಬ್ಬರು ಉಸಿರು ಬಿಗಿಹಿಡಿಯಬೇಕಾದ ಅಡುಗೆಮನೆ. ಅಕ್ಕ ಕೇಳಿದ್ದು ಹೆಚ್ಚೇನಲ್ಲ. ಅಡುಗೆಮನೆಯ ಕಪಾಟುಗಳೆಲ್ಲ ಭುಜದಿಂದ ಕೆಳಗಿರಬೇಕು, ಬಚ್ಚಲಲ್ಲಿ ಹಿಡಿದುಕೊಂಡು ಏಳುವುದಕ್ಕೆ ಗೋಡೆಗೊಂದು ಕಂಬಿ ಬೇಕು. ಕೆಲಸಗಾರರನ್ನು ಕರೆತರುವ ಹೊಣೆ ಅಕ್ಕನ ತಮ್ಮನ ಹೆಗಲಿಗೆ ಬಿತ್ತು, ಅಥವಾ ಅವನೇ ಎಳೆದುಕೊಂಡ. ಜಗತ್ತಿನಲ್ಲಿ ಅವನಿಗೆ ಗೊತ್ತಿಲ್ಲದ ಕೆಲಸಗಾರನೇ ಇರಲಿಲ್ಲ. ಯಾರ ಹೆಸರೆತ್ತಿದರೂ "ನಮ್ಮೋನೇ" ಅನ್ನುತ್ತಿದ್ದ. ಹಾಗೆ ಅವನು ಒಬ್ಬ ಬಡಗಿಯನ್ನೂ ಒಬ್ಬ ಪ್ಲಂಬರನ್ನೂ ತಂದು ನಿಲ್ಲಿಸಿದ. ಇಬ್ಬರೂ ಅವನವರೇ, ಆದರೆ ಅವರಿಬ್ಬರೂ ಹಿಂದೆ ಯಾವುದೋ ಮನೆಯ ಕೆಲಸದಲ್ಲಿ ಜಗಳವಾಡಿ ಮಾತು ಬಿಟ್ಟಿದ್ದರು. ಬಡಗಿ ಇದ್ದ ದಿನ ಪ್ಲಂಬರು ಬರುತ್ತಿರಲಿಲ್ಲ, ಪ್ಲಂಬರು ಬಂದ ದಿನ ಬಡಗಿಗೆ ಜ್ವರ. ಇಬ್ಬರೂ ಗೈರುಹಾಜರಾದ ದಿನಗಳಲ್ಲಿ ತಮ್ಮನ ಫೋನು ಸ್ವಿಚ್ ಆಫ್ ಆಗಿರುತ್ತಿತ್ತು.

ಬಡಗಿ ಬಾಯಿಮಾತಿನಲ್ಲಿ ಎಂಥವರನ್ನೂ ಮೀರಿಸುವವನು. ಬೇಡ, ಆಗುವುದಿಲ್ಲ ಎಂಬ ಮಾತು ಅವನ ನಾಲಿಗೆಯ ಮೇಲೆ ಸುಳಿಯುತ್ತಲೇ ಇರಲಿಲ್ಲ. ಮನೆಯಲ್ಲಿ ಕೊನೆಗೆ ಯಾರು ಮಾತಾಡಿದರೋ ಅವರ ಮಾತೇ ಅವನಿಗೆ ಆಜ್ಞೆ. ಪ್ರಿನ್ಸಿಪಾಲರು ಯಾವಾಗಲೂ ಕೊನೆಗೇ ಮಾತಾಡುತ್ತಿದ್ದರು.

ಕಡಿಮೆಯಲ್ಲಿ ಬದುಕಲು ಹೊರಟ ಪ್ರಿನ್ಸಿಪಾಲರು ಬಿಟ್ಟು ಬರಲಾರದ್ದು ಒಂದಿತ್ತು, ಅವರ ಸ್ಮರಣಿಕೆಗಳು. ಮುಖ್ಯ ಅತಿಥಿಯಾಗಿ ಹೋದಲ್ಲೆಲ್ಲ ಕೊಟ್ಟ ಫಲಕಗಳು, ಬಂಗಾರದ ಬಣ್ಣ ಬಳಿದ ಪ್ಲಾಸ್ಟಿಕ್ಕಿನ ದೀವಟಿಗೆಗಳು, ನಡೆಯುವುದನ್ನು ಎಂದೋ ನಿಲ್ಲಿಸಿದ್ದ ಗಡಿಯಾರಗಳು. ಒಂದರಲ್ಲಿ ಅವರ ಹೆಸರಿನ ಕಾಗುಣಿತ ತಪ್ಪಿತ್ತು. ಇನ್ನೊಂದು, ಬರಬೇಕಾದ ಅತಿಥಿ ಕೈಕೊಟ್ಟಿದ್ದರಿಂದ ಇವರ ಪಾಲಿಗೆ ಬಂದದ್ದು. ಅದರ ಮೇಲಿದ್ದ ಹೆಸರು ಇವರದಲ್ಲವೇ ಅಲ್ಲ. ಇವೆಲ್ಲ ಕೂರುವುದಕ್ಕೆ ನೆಲದಿಂದ ಸೂರಿನವರೆಗೆ ಗಾಜಿನ ಬಾಗಿಲಿನ ಷೋಕೇಸು ಬೇಕು ಎಂದರು. ಹಾಲಿನಲ್ಲಿ ಕಿಟಕಿ ಬಾಗಿಲಿಲ್ಲದೆ ಖಾಲಿಯಿದ್ದದ್ದು ಬಚ್ಚಲಿಗೆ ಅಂಟಿಕೊಂಡ ಗೋಡೆಯೊಂದೇ. ಅದರಲ್ಲಿ ಮಂಡಿಯೆತ್ತರಕ್ಕೆ, ಇಡೀ ಮನೆಯ ನೀರು ನಿಲ್ಲಿಸುವ ವಾಲ್ವು ಇತ್ತು.

ಅಕ್ಕ ಅದನ್ನು ಬಡಗಿಗೆ ತೋರಿಸಿದರು. ಹಿಂಬದಿಗೆ ಪುಟ್ಟ ಬಾಗಿಲು ಬಿಡುತ್ತೇನಮ್ಮಾ, ಕೈ ಹಾಕಿದರೆ ಸಿಗುವ ಹಾಗೆ ಇರುತ್ತದೆ ಎಂದು ಅವನು ಗೋಣು ಆಡಿಸಿದ. ಸಂಜೆ ಪ್ರಿನ್ಸಿಪಾಲರು ಬಂದು, ಒಳಗೆ ಬಾಗಿಲು ಗೀಗಿಲು ಇದ್ದರೆ ನೋಟ ಕೆಡುತ್ತದೆ, ಹಿಂದೆ ಒಂದೇ ಹಲಗೆ ಬರಲಿ ಎಂದರು. ಅದಕ್ಕೂ ಗೋಣು ಆಡಿಸಿದ. ಪ್ಲಂಬರಿಗೆ ಈ ವಿಷಯ ಹೇಳುವುದು ಅವನ ಕೆಲಸವಲ್ಲ, ಅವರು ಮಾತು ಬಿಟ್ಟಿದ್ದರಲ್ಲ.

ಷೋಕೇಸು ತಂದಿದ್ದ ಮರವನ್ನೆಲ್ಲ ನುಂಗಿತು. ಅಡುಗೆಮನೆಗೆ ಉಳಿದದ್ದು ಹಳೆ ಮನೆಯಿಂದ ಕಿತ್ತು ತಂದ ಒಂದು ರ್‍ಯಾಕು. ಅದನ್ನು ಬಡಗಿ ಸೂರಿಗೆ ತಾಗುವ ಹಾಗೆ ಹೊಡೆದು ಹೋದ. ಅಕ್ಕ ಕತ್ತೆತ್ತಿ ನೋಡುತ್ತ ನಿಂತಿದ್ದಾಗ ಪ್ರಿನ್ಸಿಪಾಲರು ಹೇಳಿದರು:

"ಒಂದು ಸ್ಟೂಲ್ ಹಾಕ್ಕೊಂಡು ತೆಗೆದ್ರಾಯ್ತಪ್ಪ. ಎಲ್ಲಾದಕ್ಕೂ ಹೊಂದ್ಕೊಂಡು ಹೋಗೋದನ್ನ ಕಲೀಬೇಕು."

ಸವೆದ ಮಂಡಿಯವರಿಗೆ ಸ್ಟೂಲು. ಅಕ್ಕ ಪಾತ್ರೆ, ಡಬ್ಬಿಗಳನ್ನೆಲ್ಲ ಗೋಡೆಯ ಪಕ್ಕ ನೆಲದ ಮೇಲೆ ಸಾಲಾಗಿ ಜೋಡಿಸಿಕೊಂಡು ಅಡುಗೆ ಶುರುಮಾಡಿದರು. ಬಚ್ಚಲಿನ ಕಂಬಿಯನ್ನು ಯಾರೂ ನೆನೆಯಲಿಲ್ಲ.

ಅದು ನೆನಪಾದದ್ದು ಪ್ರಿನ್ಸಿಪಾಲರು ಕ್ಲಬ್ಬಿನವರನ್ನು ಮನೆ ನೋಡಲು ಕರೆದ ದಿನ. ಹಿರಿಯರಿಗಾಗಿ ಮಾಡಿಸಿದ ಅನುಕೂಲ ಎಂದು ಏನನ್ನಾದರೂ ತೋರಿಸಬೇಕಿತ್ತು. ಬೆಳಿಗ್ಗೆಯೇ ಬರುತ್ತೇನೆಂದ ಪ್ಲಂಬರು ಅತಿಥಿಗಳ ಹಿಂದೆಯೇ ಒಳಗೆ ಬಂದ. ಹೊಸ ಗಿರಾಕಿ ಸಿಕ್ಕಾರು ಎಂಬ ಆಸೆಯಿಂದ ಬಡಗಿಯೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಾಜರಿದ್ದ. ತಮ್ಮನಂತೂ ಬಾಗಿಲಲ್ಲೇ ನಿಂತು ಎಲ್ಲರಿಗೂ "ನಮ್ಮೋರದೇ ಕೆಲಸ" ಎನ್ನುತ್ತಿದ್ದ.

ಅತಿಥಿಗಳು ಚಹಾ ಹಿಡಿದು ಕುಳಿತರು. ಪ್ರಿನ್ಸಿಪಾಲರು ಷೋಕೇಸಿನ ಮುಂದೆ ನಿಂತು, ಬದುಕಿನಲ್ಲಿ ಹಗುರಾಗುವುದು ಹೇಗೆಂದು ಹೇಳತೊಡಗಿದರು. ಬಚ್ಚಲಿನಲ್ಲಿ ಡ್ರಿಲ್ಲಿಂಗ್ ಮೆಷಿನ್ನು ಗುರ್ರೆಂದಿತು. ಅದು ನಿಂತ ಮೇಲೆ ಬೇರೆಯೇ ಒಂದು ಸದ್ದು ಶುರುವಾಯಿತು. ಗೋಡೆಯೊಳಗಿನ ಪೈಪಿಗೆ ತೂತು ಬಿದ್ದು ನೀರು ಚಿಮ್ಮುತ್ತಿತ್ತು.

ಮೊದಲು ಪ್ಲಂಬರು ತೊಯ್ದು ಓಡಿಬಂದ, ಅವನ ಹಿಂದೆಯೇ ನೀರು ಬಂತು. ತಾರಸಿಯ ಟ್ಯಾಂಕಿನಲ್ಲಿ ನೀರು ನಿಲ್ಲಿಸೋಣವೆಂದರೆ ವಾಚ್‌ಮನ್ ತಾರಸಿಯ ಬಾಗಿಲಿಗೆ ಬೀಗ ಹಾಕಿ ಎಲ್ಲೋ ಹೋಗಿದ್ದ. ಮನೆಯ ವಾಲ್ವು ಎಲ್ಲಿ ಎಂದು ಪ್ಲಂಬರು ಕೂಗಿದ. ಬಡಗಿ, ಪ್ಲಂಬರಿನ ಮುಖ ನೋಡದೆ, ಷೋಕೇಸಿನ ಕಡೆ ಗದ್ದ ಚಾಚಿದ. ಇಡೀ ಷೋಕೇಸು ಬಿಚ್ಚಬೇಕು, ಇಲ್ಲವೇ ಕೆಳಗಿನ ಅರೆಯ ಹಿಂದಿನ ಹಲಗೆ ಒಡೆಯಬೇಕು ಎಂದ.

ಅತಿಥಿಗಳು ಕಾಲು ಮೇಲೆತ್ತಿ ಕುರ್ಚಿಯಲ್ಲೇ ಚಕ್ಕಳಮಕ್ಕಳ ಹಾಕಿದರು. ಗಾಬರಿ ಬೇಡ, ಇದು ತಾತ್ಕಾಲಿಕ ಎಂದು ಪ್ರಿನ್ಸಿಪಾಲರು ಪ್ಯಾಂಟು ನೆನೆಯುತ್ತಿದ್ದರೂ ಸಮಾಧಾನ ಹೇಳುತ್ತಿದ್ದರು. ಅಷ್ಟರಲ್ಲಿ ಅಕ್ಕ ಅಡುಗೆಮನೆಯಿಂದ ಬಂದರು. ಅಲ್ಲಿ ನೆಲದ ಮೇಲಿದ್ದ ಪಾತ್ರೆಗಳು ತೇಲುತ್ತಿದ್ದವು, ಹಿಟ್ಟಿನ ಡಬ್ಬಿಯೊಳಗೆ ನೀರು ನುಗ್ಗಿತ್ತು.

"ಒಡಿ," ಎಂದರು ಬಡಗಿಗೆ.

ಅವನು ಸುತ್ತಿಗೆ ತೆಗೆದುಕೊಂಡ.

"ಮುಟ್ಟಬೇಡ," ಎಂದರು ಪ್ರಿನ್ಸಿಪಾಲರು. "ಒಂದು ಜೀವಮಾನದ ಸಂಪಾದನೆ ಅದು."

ಅವನು ಸುತ್ತಿಗೆ ಕೆಳಗಿಟ್ಟ.

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆ ನೀರಿನಲ್ಲೇ ನಿಧಾನವಾಗಿ ಕುಳಿತರು. ಕೆಳಗಿನ ಗಾಜಿನ ಬಾಗಿಲು ತೆರೆದು ಸ್ಮರಣಿಕೆಗಳನ್ನು ಒಂದೊಂದಾಗಿ ಈಚೆ ತೆಗೆದು ಅತಿಥಿಗಳ ಮಡಿಲಿಗೆ ಕೊಡುತ್ತ ಹೋದರು. ಅವರೂ ಬಹುಮಾನ ಸ್ವೀಕರಿಸುವ ಹಾಗೆ ಎರಡೂ ಕೈ ಚಾಚಿ ತೆಗೆದುಕೊಂಡರು. ಆಮೇಲೆ ಅಕ್ಕ ಸುತ್ತಿಗೆ ಎತ್ತಿಕೊಂಡರು. ಕೂತು ನೇರಕ್ಕೆ ಹೊಡೆಯುವುದಕ್ಕೆ ಭುಜ ಏಳಬೇಕಿಲ್ಲ. ನಾಲ್ಕು ಏಟಾದರೂ ಬೇಕಾದೀತು ಎಂದುಕೊಂಡಿದ್ದರು, ಒಂದೇ ಏಟಿಗೆ ಹಲಗೆ ರಟ್ಟಿನಂತೆ ಬಿರಿಯಿತು. ದಪ್ಪ ಹಲಗೆಯೆಂದು ಹೇಳಿ ತೆಳ್ಳನೆಯದನ್ನು ಹೊಡೆದಿದ್ದ ಬಡಗಿ ಸೂರಿನ ಕಡೆ ನೋಡಿದ. ಅಕ್ಕ ಒಳಗೆ ಕೈ ತೂರಿಸಿ ವಾಲ್ವು ತಿರುಗಿಸಿದರು. ನೀರಿನ ಸದ್ದು ಸಣ್ಣಗಾಗಿ ನಿಂತಿತು.

ಕೂತ ಅಕ್ಕನಿಗೆ ತಾವಾಗಿ ಏಳಲಾಗಲಿಲ್ಲ. ಅತಿಥಿಗಳಲ್ಲಿ ಇಬ್ಬರು ಹೆಂಗಸರು ಹಿಡಿದೆತ್ತಿದರು. ಎದ್ದು ಸೆರಗು ಹಿಂಡಿಕೊಂಡು ಅಕ್ಕ ಬಡಗಿಗೆ ಹೇಳಿದರು:

"ಇದನ್ನ ಪೂರ್ತಿ ಬಿಚ್ಚಿ ಅಡುಗೆಮನೆಗೆ ಹಾಕಪ್ಪ. ಎಷ್ಟು ಎತ್ತರಕ್ಕೆ ಅಂತ ನಾನು ನಿಂತು ತೋರಿಸ್ತೀನಿ."

ಪ್ರಿನ್ಸಿಪಾಲರು ಬಾಯಿ ತೆರೆದರು.

"ನೀವು ಸುಮ್ನಿರಿ," ಎಂದರು ಅಕ್ಕ, ದನಿ ಏರಿಸದೆ. "ನೀವು ಮಾತಾಡಿದ್ರೆ ಅವನು ಮತ್ತೆ ನಿಲ್ಲಿಸ್ತಾನೆ."

ಅಷ್ಟು ಜನರ ಮುಂದೆ ಪ್ರಿನ್ಸಿಪಾಲರು ಬಾಯಿ ಮುಚ್ಚಿದರು. ಅಕ್ಕನ ತಮ್ಮ ಆಗಲೇ ಜಾಗ ಖಾಲಿ ಮಾಡಿದ್ದ. ಯಾರೋ ಗೇಟಿನ ಬಳಿ ಅವನನ್ನು ಹಿಡಿದು, ಆ ಕೆಲಸಗಾರರು ಯಾರು ಎಂದು ಕೇಳಿದರಂತೆ. ತನಗೆ ಅಷ್ಟಾಗಿ ಪರಿಚಯವಿಲ್ಲ ಎಂದನಂತೆ.

ಬಡಗಿ ಮತ್ತು ಪ್ಲಂಬರು ಒಟ್ಟಿಗೇ ಬಂದು ಕೆಲಸ ಮುಗಿಸಿದರು. ಮಾತು ಮಾತ್ರ ಕೊನೆಯವರೆಗೂ ಆಡಲಿಲ್ಲ. ಸ್ಕ್ರೂ ಬೇಕಾದರೆ ಅಕ್ಕನ ಮೂಲಕ ಕೇಳುತ್ತಿದ್ದರು. ಕಪಾಟುಗಳು ಸೊಂಟದಿಂದ ಭುಜದವರೆಗಿನ ಎತ್ತರದಲ್ಲಿ ಬಂದವು, ಬಚ್ಚಲಿಗೆ ಕಂಬಿ ಬಂತು. ಸ್ಮರಣಿಕೆಗಳು ರಟ್ಟಿನ ಪೆಟ್ಟಿಗೆ ಸೇರಿ ಮಂಚದಡಿ ಹೋದವು. ಪ್ರಿನ್ಸಿಪಾಲರು ಸ್ವಲ್ಪ ಕಾಲ ಮುಖ ಊದಿಸಿಕೊಂಡು ತಿರುಗಿದರು. ಆದರೆ ರಾತ್ರಿ ಎದ್ದಾಗ ಬಚ್ಚಲಿನ ಆ ಕಂಬಿಯನ್ನು ಮೊದಲು ಹಿಡಿದವರೂ ಅವರೇ.

ಆವತ್ತು ಅಕ್ಕನನ್ನು ಹಿಡಿದೆತ್ತಿದ ಹೆಂಗಸರಲ್ಲಿ ಒಬ್ಬಾಕೆ ಒಂದು ಬೆಳಿಗ್ಗೆ ಬಂದು, ತಮ್ಮ ಅಡುಗೆಮನೆಯಲ್ಲೂ ಎಲ್ಲವೂ ಕೈಗೆ ಸಿಗದ ಹಾಗಿದೆ, ಬಡಗಿ ಬರುವ ದಿನ ಪಕ್ಕದಲ್ಲಿ ನಿಂತುಕೊಳ್ಳುತ್ತೀರಾ ಎಂದು ಕೇಳಿದರು. ಅಕ್ಕ ಹೋಗಿ ನಿಂತರು. ಆಮೇಲೆ ಇನ್ನೊಂದು ಮನೆಯವರು ಕರೆದರು. ಈಗ ಅಕ್ಕ ತಿಂಡಿ ಮುಗಿಸಿ ಹೊರಟರೆ ಮಧ್ಯಾಹ್ನದವರೆಗೂ ಯಾರದೋ ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಅವರೆದುರು ಬಡಗಿ ತೆಳ್ಳನೆ ಹಲಗೆ ತರುವುದನ್ನು ಬಿಟ್ಟಿದ್ದಾನೆ.

ಹುಡುಕಿಕೊಂಡು ಬಂದವರಿಗೆ ಬಾಗಿಲು ತೆರೆಯುವವರು ಪ್ರಿನ್ಸಿಪಾಲರು. "ಅವಳು ಕೆಲಸದ ಮೇಲೆ ಹೋಗಿದ್ದಾಳೆ," ಎಂದು ಹೇಳಿ ಬಂದವರನ್ನು ಕೂರಿಸಿ, ಅಡುಗೆಮನೆ ಹೇಗಿರಬೇಕೆಂದು ತಾವೇ ವಿವರಿಸತೊಡಗುತ್ತಾರೆ. ಅವರೂ ಮರ್ಯಾದೆಗೆ ತಲೆಯಾಡಿಸುತ್ತ ಪೂರ್ತಿ ಕೇಳಿಸಿಕೊಂಡು, ಹೊರಡುವಾಗ ಅಕ್ಕ ಎಷ್ಟು ಹೊತ್ತಿಗೆ ಸಿಗುತ್ತಾರೆ ಎಂದು ವಿಚಾರಿಸಿಕೊಂಡು ಹೋಗುತ್ತಾರೆ.