ಐದರೊಳಗಿನ ಅಂಕಿ

"ನನಗೇನಾದ್ರೂ ಬಂದ್ರೆ ನೀನು ಮುಚ್ಚಿಡಬಾರದು. ಮಾತು ಕೊಡು." ಹನ್ನೊಂದು ವರ್ಷದ ಹಿಂದೆ, ಅಪ್ಪನ ಹಾಸಿಗೆ ಸುತ್ತಿಡುವಾಗ ತಮ್ಮ ಅಕ್ಕನ ಮುಂದೆ ಕೈ ಚಾಚಿದ್ದ. ಕೊನೆಯವರೆಗೂ ಎಲ್ಲರೂ ಕ್ಯಾನ್ಸರ್ ಮುಚ್ಚಿಟ್ಟು ಅಪ್ಪನಿಗೆ ಬರೀ ಅಲ್ಸರ್ ಎಂದೇ ಹೇಳಿಕೊಂಡು ಬಂದಿದ್ದರು. ಬಾಗಿಲಿಗೆ ಯಾವ ಬಣ್ಣ ಬಳಿಸೋಣ ಎನ್ನುತ್ತಲೇ ಅಪ್ಪ ಹೋಗಿಬಿಟ್ಟಿದ್ದರು. ಅಕ್ಕ ಮಾತು ಕೊಟ್ಟಿದ್ದಳು.

ಇವತ್ತು ಅವಳು ತಾನು ಕೆಲಸ ಮಾಡುವ ಲ್ಯಾಬಿನಿಂದ ನೇರ ತಮ್ಮನ ಮನೆಗೆ ಬಂದಳು. ಕ್ಯಾನ್ಸರ್ ಗುರುತಿನ ರಕ್ತಪರೀಕ್ಷೆಯ ವರದಿ ಅವಳಿಗಿಂತ ಮೊದಲೇ ಅವನ ಫೋನಿಗೆ ಬಂದು ಕೂತಿತ್ತು.

"ಎರಡು ಪಾಯಿಂಟ್ ನಾಲ್ಕು, ಅಕ್ಕಾ! ಐದರೊಳಗಿದ್ರೆ ಸಾಕಂತೆ. ಅರ್ಧ ಹೊಟ್ಟೇಲೇ ಪೂರ್ತಿ ಪಾಸು!" ಬಾಗಿಲ ಬಳಿ ಡ್ಯೂಟಿ ಬೂಟುಗಳನ್ನು ಆಗಲೇ ಒರೆಸಿಟ್ಟಿದ್ದ. "ಸೋಮವಾರದಿಂದ ಬಾಯ್ಲರ್ ಕೆಲಸ. ಅವತ್ತಿನ ಸ್ಕ್ಯಾನ್ ಬೇಡ ಅಂತೀನಿ. ರಕ್ತವೇ ಚೊಕ್ಕಟ ಅಂದ್ಮೇಲೆ ಒಳಗೇನು ಹುಡುಕ್ತಾರೆ?"

"ಹೂಂ ಅನ್ನಿ ಅತ್ತಿಗೆ," ಎಂದಳು ಅವನ ಹೆಂಡತಿ. ಗಡ್ಡೆಯ ಜೊತೆ ಅವನ ಅರ್ಧ ಹೊಟ್ಟೆ ತೆಗೆದ ಆಪರೇಷನ್ ಆಗಿ ಎಂಟು ತಿಂಗಳಾದ ಮೇಲೆ ಅವಳು ನಕ್ಕಿದ್ದೇ ಇವತ್ತು.

ಒಂದು 'ಹೂಂ' ಸಾಕಿತ್ತು. ಹಾಗೆ ಅಂದಿದ್ದರೆ ಸುಳ್ಳೂ ಆಗುತ್ತಿರಲಿಲ್ಲ. ಅಂಕಿ ಸರಿಯಾಗಿಯೇ ಇತ್ತು. ಅಕ್ಕ ಚೀಲದಿಂದ ಅದೇ ಪರೀಕ್ಷೆಯ ಹಳೆಯ ಕಾಗದವೊಂದನ್ನು ತೆಗೆದು ಫೋನಿನ ಪಕ್ಕಕ್ಕಿಟ್ಟಳು.

"ಇದು ಯಾವಾಗಿಂದು, ನೋಡು."

"ಆಪರೇಷನ್ನಿಗೆ ಎರಡು ದಿನ ಮೊದಲಿಂದು."

"ಆಗ ಗಡ್ಡೆ ಎಷ್ಟಿತ್ತು?"

"ನಿಂಬೆಹಣ್ಣಿನಷ್ಟು ಅಂದಿದ್ರು."

"ಅಂಕಿ?"

ಅವನು ಬಗ್ಗಿದ. "ಎರಡು ಪಾಯಿಂಟ್ ಎರಡು."

ಹದಿನಾರು ವರ್ಷ ಬಾಯ್ಲರಿನ ಒತ್ತಡದ ಮೀಟರನ್ನೇ ನೋಡಿಕೊಂಡು ಬದುಕಿದವನು. ಬಿಡಿಸಿ ಹೇಳಬೇಕಾಗಲಿಲ್ಲ. ಕಾಗದದಿಂದ ಫೋನಿಗೆ, ಫೋನಿನಿಂದ ಕಾಗದಕ್ಕೆ ಕಣ್ಣಾಡಿಸಿದ.

"ಒಳಗೆ ಬೆಂಕಿ ಉರೀತಿದ್ದಾಗಲೂ ಮುಳ್ಳು ಅಲ್ಲಾಡಿಲ್ಲ," ಎಂದ ನಿಧಾನವಾಗಿ. "ಇಂಥ ಮೀಟರನ್ನ ನಾನು ಕಿತ್ತು ಬಿಸಾಕ್ತೀನಿ."

"ಮತ್ತೆ ಬಂದಿದೆ ಅಂತಲ್ಲ ಕಣೋ. ಇಲ್ಲ ಅಂತಾನೂ ಇದು ಹೇಳಲ್ಲ. ಕೆಲವರ ಗಡ್ಡೆ ರಕ್ತಕ್ಕೆ ಸುದ್ದೀನೇ ಕೊಡಲ್ಲ. ಸ್ಕ್ಯಾನೇ ನೋಡಬೇಕು."

"ಇವತ್ತೊಂದು ದಿನ ಬಿಡಬಾರದಿತ್ತಾ, ಅತ್ತಿಗೆ?" ಎಂದಳು ಹೆಂಡತಿ.

ತಮ್ಮ ಆಸ್ಪತ್ರೆಗೆ ಫೋನ್ ಹಚ್ಚಿದ. "ಸೋಮವಾರದ ಸ್ಕ್ಯಾನು... ಹೌದು, ನಾನೇ. ಎಷ್ಟು ಗಂಟೆಗೆ ಬರಲಿ?"

ಅವನ ಹೆಂಡತಿ ಬೂಟುಗಳನ್ನೆತ್ತಿ ಮಂಚದಡಿಗೆ ಸರಿಸಿದಳು.

ಅಕ್ಕ ಮಾತು ಉಳಿಸಿಕೊಂಡಿದ್ದಳು.