ಒಂದು ಚಿಟಿಕೆ ಧೂಪ

"ನಮ್ಮ ದೇವರಿಗೆ ಒಂದು ಚಿಟಿಕೆ ಧೂಪ ಹಾಕು! ನನ್ನ ಮಗನನ್ನು ಮದುವೆಯಾಗುತ್ತೇನೆ ಅನ್ನು! ನಿನ್ನ ತಲೆ ಉಳಿಯುತ್ತದೆ!" ರೋಮಿನ ಅಧಿಕಾರಿಯ ವೇಷದಲ್ಲಿದ್ದ ಲಗಮಪ್ಪ ಮಾಸ್ತರರು ಗುಡುಗಿದರು. ಅಂಕಲಿಯಲ್ಲಿ ಸಿಸ್ಟರುಗಳ ಶಾಲೆಯ ವಾರ್ಷಿಕ ಗ್ಯಾದರಿಂಗು. ಯೇಸುವಿಗಾಗಿ ಕತ್ತು ಕೊಟ್ಟ ಪುಟ್ಟ ಹುಡುಗಿ, ಸಂತ ಆಗ್ನೆಸಳ ನಾಟಕ. ಆಗ್ನೆಸಳಾಗಿ ನಿಂತವಳು ಹತ್ತನೇ ಇಯತ್ತೆಯ ಪೂನಮ.

ಮುಂದಿನ ಸಾಲಿನಲ್ಲೇ ಅವಳ ಅವ್ವ ಸುಂದ್ರವ್ವ, ಪಕ್ಕದಲ್ಲಿ ಸುಂದ್ರವ್ವನ ತಮ್ಮ ಜ್ಞಾನದೇವ. ಪರೀಕ್ಷೆ ಮುಗಿದದ್ದೇ ಪೂನಮಳನ್ನು ಈ ಸೋದರಮಾವನಿಗೆ ಕೊಡುವುದೆಂದು ಮನೆಯಲ್ಲಿ ಮಾತಾಗಿತ್ತು. ಹುಡುಗಿಯನ್ನು ಯಾರು ಕೇಳುತ್ತಾರೆ? ಕಾಲೇಜು ಕಲಿಯುವ ಆಸೆ ಅವಳ ಗಂಟಲಲ್ಲೇ ಉಳಿದಿತ್ತು.

ಕಟುಕನಾಗಿದ್ದ ಕುಣಾಲ ರಟ್ಟಿನ ಕತ್ತಿ ಎತ್ತಿದ್ದೇ ತಡ, ಸುಂದ್ರವ್ವ ದಡಕ್ಕನೆ ಎದ್ದಳು.

"ಹಾಕಬೇ ಪೂನಿ! ದಿನಾ ಸಂಜಿಕ ಮನ್ಯಾಗ ಊದ ಹಾಕಂಗಿಲ್ಲೇನ? ಒಂದ್ ಚಿಟಿಕಿಗೆ ಯಾಕ್ ಸಾಯ್ತಿ? ಹೂಂ ಅಂದ್ ಮನೀಗಿ ಬಾ!"

ಅಷ್ಟೇ ಸಾಕಾಯಿತು! ಇಡೀ ಮೈದಾನ ಎದ್ದು ನಿಂತಿತು.

"ಹಾಕ ತಂಗಿ!"

"ಟಾಕ ಗ ಬಾಳಾ!" ಮರಾಠಿಯಲ್ಲೂ ಅದೇ ಕೂಗು.

"ಮಾಸ್ತರ, ಪೋರಿನ್ನ ಬಿಡ್ರಿ!"

ಇದು ನಾಟಕವೆಂಬುದೇ ಮರೆತುಹೋಗಿತ್ತು ಪುಣ್ಯಾತ್ಮರಿಗೆ!

ಪೂನಮ ಧೂಪದ ಬಟ್ಟಲಿಗೆ ಕೈ ಚಾಚಿದಳು. ಅವ್ವ ನಿಜವಾಗಿಯೂ ಅಳುತ್ತಿದ್ದಳು. ಇಂಥ ಅವ್ವನಿಗೆ ಎದುರಾಡುವುದು ಹೇಗೆ? ರೋಮಿನ ಆ ಹುಡುಗಿಗೂ ಅವ್ವ ಇದ್ದಿರಬೇಕಲ್ಲ! ಅವಳ ಅಳುವನ್ನೂ ದಾಟಿ ದೇವರ ಕಡೆ ನಿಂತಳಲ್ಲ ಆ ಪುಣ್ಯವಂತೆ! ಪೂನಮಳ ಮೈ ಜುಮ್ಮೆಂದಿತು. ಕೈ ಹಿಂದೆ ಸರಿಯಿತು. ಕಲಿತ ಮಾತೆಲ್ಲ ಬಿಟ್ಟು ಅವ್ವನ ಕಡೆಗೇ ತಿರುಗಿದಳು.

"ಒಲ್ಲೆ ಯವ್ವಾ! ಈ ಲಗ್ನಾ ನಾ ಒಲ್ಲೆ! ಕಡೀತೀರಂದ್ರ ಕಡೀರಿ!"

ಅಂದವಳೇ ಕತ್ತು ಬಾಗಿಸಿದಳು. ಕುಣಾಲನ ಕತ್ತಿ ಬಿತ್ತು. ಪೂನಮ ಉರುಳಿದಳು. ಗದ್ದಲ ಗಪ್ಪನೆ ನಿಂತಿತು.

"ಪರದಾ ಬಿಡ್ರಿ, ಪರದಾ!" ಎಂದು ಸಿಸ್ಟರ್ ಕೂಗಿದರೂ ಅದು ಅರ್ಧಕ್ಕೇ ಸಿಕ್ಕಿಕೊಂಡಿತು. ಅಷ್ಟರಲ್ಲಿ ಸುಂದ್ರವ್ವ ಸ್ಟೇಜು ಹತ್ತಿ ಮಗಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಿದ್ದಳು. ಕೆಳಗೆ ಬಾಯಿ ತೆರೆದು ಕೂತಿದ್ದ ತಮ್ಮನನ್ನು ಬಹಳ ಹೊತ್ತು ನೋಡಿದಳು.

"ಜ್ಞಾನೂ, ನಿನಗ ಬ್ಯಾರೆ ಕಡಿ ಹೆಣ್ಣ ನೋಡೂಣಪಾ."

ಪರದೆ ಪೂರಾ ಬೀಳುವ ತನಕ ಸತ್ತೇ ಇರಬೇಕೆಂದು ಸಿಸ್ಟರ್ ತಾಕೀತು ಮಾಡಿದ್ದರು. ಪೂನಮ ಕದಲಲಿಲ್ಲ. ಮುಚ್ಚಿದ ಕಣ್ಣುಗಳಿಂದ ನೀರು ಇಳಿದು ಮುಖದ ಪೌಡರಿನಲ್ಲಿ ದಾರಿ ಮಾಡಿಕೊಂಡಿತ್ತು. ಸುಂದ್ರವ್ವ ಸೆರಗಿನಿಂದ ಗಾಳಿ ಹಾಕುತ್ತಿದ್ದಳು.