ಈರುಳ್ಳಿ ಪೊರೆಯ ಸ್ಲೈಡು

ವರ್ಷವಿಡೀ ಟೀಚರಮ್ಮ ಗಂಟಲು ಹರಿದುಕೊಂಡದ್ದು ಒಂದೇ ಮಾತಿಗೆ: ಪುಸ್ತಕದ ಚಿತ್ರ ಬರೀಬೇಡಿ, ಕಣ್ಣಿಗೆ ಕಂಡದ್ದನ್ನ ಬರೀರಿ. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಒಂದಿಷ್ಟು ಸುಣ್ಣ ಉದುರಿಸುತ್ತಿತ್ತು. ಈ ಮಕ್ಕಳೋ, ಒಂದು ಕಣ್ಣು ಮೈಕ್ರೋಸ್ಕೋಪಿಗೆ ಕೊಟ್ಟ ಹಾಗೆ ಮಾಡಿ ಇನ್ನೊಂದರಲ್ಲಿ ಪಕ್ಕದವರ ಹಾಳೆ ನೋಡೋ ಪೈಕಿ. ಕಪ್ಪು ಅಂಚಿನ ಗಾಳಿಗುಳ್ಳೆ ಕಂಡರೆ ಸಾಕು, ಜೀವಕೋಶ ಸಿಕ್ತು ಅಂತ ಕುಣಿಯೋರು. ಅದು ಕೋಶ ಅಲ್ಲ ಕಣ್ರೋ, ಗುಳ್ಳೆ, ಗುಳ್ಳೆ ಅಂತ ಹೇಳಿ ಹೇಳಿ ಟೀಚರಮ್ಮನಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು.

ಇವರನ್ನೆಲ್ಲ ಹೇಗೋ ಸಹಿಸಬಹುದು, ಗುಬ್ಬಿಯನ್ನು ಸಹಿಸೋದು ಹೇಗೆ? ಗುಬ್ಬಿ ಟೀಚರಮ್ಮನ ಸ್ವಂತ ಅಕ್ಕನ ಮಗಳು, ಓದೋದಕ್ಕೆಂದು ಇವರ ಮನೆಯಲ್ಲೇ ಇದ್ದಳು. ಕಾಲು ಮುರಿದ ಬೆಕ್ಕಿನ ಮರಿ, ಹಾರಲಾರದ ಪಾರಿವಾಳ, ಎಲ್ಲಕ್ಕೂ ಅವಳ ಮಂಚದ ಕೆಳಗೇ ಆಸ್ಪತ್ರೆ. ಪ್ರಾಣಿಗಳ ಡಾಕ್ಟರಾಗಬೇಕಂತೆ. ಆಗು ತಾಯಿ, ಯಾರು ಬೇಡ ಅಂದರು? ಆದರೆ ಪುಸ್ತಕ ಬಿಚ್ಚಬೇಕಲ್ಲ. ಬರವಣಿಗೆ ಪರೀಕ್ಷೆಯಲ್ಲಿ ಮುಗ್ಗರಿಸಿ ಮುಗ್ಗರಿಸಿ ದಡದ ಹತ್ತಿರ ಬಂದಿದ್ದಳು. ಪ್ರಾಕ್ಟಿಕಲ್ಲಿನಲ್ಲೂ ಎಡವಿದರೆ ಮುಂದಿನ ವರ್ಷ ವಿಜ್ಞಾನಕ್ಕೆ ಸೀಟಿಲ್ಲ, ಡಾಕ್ಟರ್ ಆಸೆಗೆ ಎಳ್ಳುನೀರು.

ಪರೀಕ್ಷೆಯ ದಿನ ಹೊರಗಿನಿಂದ ಬರಬೇಕಾದ ಪರೀಕ್ಷಕರು ಹೊತ್ತಿಗೆ ಮುಂಚೆಯೇ ಬಂದು ವಕ್ಕರಿಸಿದರು. ಅವರಿಗೆ ಫ್ಯಾನು ಬೇಕು, ಕಿಟಕಿ ಮುಚ್ಚಬೇಕು, ಚಹಾಕ್ಕೆ ಸಕ್ಕರೆ ಬೇಡ. ಆ ಗಡಿಬಿಡಿಯಲ್ಲೇ ಟೀಚರಮ್ಮ ಈರುಳ್ಳಿಯ ತೆಳು ಪೊರೆ ಎಳೆದು, ಸ್ಲೈಡಿನ ಮೇಲಿನ ನೀರ ಹನಿಗೆ ಹಾಕಿ, ಮೇಲೆ ಪುಟ್ಟ ಗಾಜು ಮುಚ್ಚಿ, ಹೆಚ್ಚಾದ ನೀರನ್ನು ಕಾಗದದಲ್ಲಿ ಒತ್ತಿ ತೆಗೆದು ಮೈಕ್ರೋಸ್ಕೋಪಿಗೆ ಏರಿಸಿದರು. ತಾವೇ ಒಮ್ಮೆ ನೋಡೋಣ ಅನ್ನುವಷ್ಟರಲ್ಲಿ ಚಹಾ ತಣ್ಣಗಿದೆ ಅಂತ ಕರೆ ಬಂತು. ಆಮೇಲೆ ಪರೀಕ್ಷಕರು ಬಗ್ಗಿ, ನೋಡಿದ ಶಾಸ್ತ್ರ ಮಾಡಿ, ಚೆನ್ನಾಗಿದೆ ಮೇಡಂ ಅಂದರು. ಮಕ್ಕಳು ಒಬ್ಬೊಬ್ಬರೇ ಬಂದು ಇಣುಕಿ, ಚಿತ್ರ ಬರೆದು ಹೊರಗೆ ಹೋದರು.

ಹಾಳೆಗಳನ್ನು ನೋಡುತ್ತ ಪರೀಕ್ಷಕರು ತಲೆದೂಗಿದರು. ಎಲ್ಲರದ್ದೂ ಇಟ್ಟಿಗೆ ಜೋಡಿಸಿದ ಹಾಗೆ ಸಾಲುಸಾಲು ಕೋಶ, ಪ್ರತಿಯೊಂದರಲ್ಲೂ ಕೋಶಕೇಂದ್ರ. ಗುಬ್ಬಿಯ ಹಾಳೆ ಬಂದದ್ದೇ ಅವರ ಮುಖ ಗಂಟಿಕ್ಕಿತು. ಮೂರು ಕಪ್ಪು ಉಂಗುರ, ಕೆಳಗೆ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರದಲ್ಲಿ: ಗಾಳಿಗುಳ್ಳೆಗಳು. ಜೀವಕೋಶ ಕಾಣಲಿಲ್ಲ. ಇಷ್ಟು ಉದ್ಧಟತನದ ಹುಡುಗಿಗೆ ಸೊನ್ನೆಯೇ ಸರಿ ಅಂತ ಅವರು ಪೆನ್ನೆತ್ತಿ ಸುತ್ತಿಯೇಬಿಟ್ಟರು.

ಟೀಚರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಅಕ್ಕನಿಗೆ ಯಾವ ಮುಖ ತೋರಿಸೋದು? ವರಾಂಡದಲ್ಲಿದ್ದವಳನ್ನು ಕರೆದು, ಪುಸ್ತಕದಲ್ಲಿ ಈರುಳ್ಳಿ ಕೋಶದ ಚಿತ್ರ ನೋಡಿಲ್ವೇನೇ ಅಂದರು. ಇಲ್ಲ ಅಂದಳು ಮಹಾರಾಯ್ತಿ, ತಣ್ಣಗೆ.

"ಕಂಡದ್ದನ್ನೇ ಬರಿ ಅಂದಿದ್ರಲ್ಲ ಟೀಚರ್. ಕಂಡಿದ್ದು ಅಷ್ಟೇ."

ಹಣೆ ಹಣೆ ಚಚ್ಚಿಕೊಂಡು, ತೋರಿಸ್ತೀನಿ ಬಾ ಅಂತ ಅವಳ ರಟ್ಟೆ ಹಿಡಿದು ಮೈಕ್ರೋಸ್ಕೋಪಿನ ಹತ್ತಿರ ಎಳೆದೊಯ್ದರು, ಬಗ್ಗಿದರು. ಮೂರು ಗುಳ್ಳೆ. ಸ್ಲೈಡನ್ನು ಆಚೆ ಸರಿಸಿದರು, ಈಚೆ ಸರಿಸಿದರು. ಬರೀ ನೀರು. ಬುಟ್ಟಿಯಲ್ಲಿ ಬಿಸಾಡಿದ್ದ ಕಾಗದ ಎತ್ತಿ ಬಿಡಿಸಿದರೆ, ನೀರಿನ ಜೊತೆಗೇ ಬಂದ ಪೊರೆ ಅದಕ್ಕೆ ಅಂಟಿಕೊಂಡು ಒಣಗಿತ್ತು. ಹಾಗಾದರೆ ಇಡೀ ತರಗತಿ ಬರೆದದ್ದೇನು? ಥೂ, ಇವರಿಗೆ ಕಲಿಸಿದ ನನ್ನನ್ನ ಅನ್ನಬೇಕು ಅಂದುಕೊಂಡರು ಟೀಚರಮ್ಮ.

ಗುಬ್ಬಿಯನ್ನು ಹೊರಗೆ ಕಳಿಸಿ, ಇವಳು ನನ್ನ ಅಕ್ಕನ ಮಗಳು, ಅದಕ್ಕೇ ನನ್ನ ಮಾತು ನಂಬಬೇಡಿ, ನೀವೇ ನೋಡಿ ಅಂತ ಪರೀಕ್ಷಕರನ್ನು ಕರೆದರು. ಈ ಸಲ ಅವರು ನಿಜವಾಗಿಯೇ ನೋಡಿದರು. ನೋಡಿ, ಬಾಗಿಲ ಕಡೆ ತಿರುಗಿ, ದನಿ ತಗ್ಗಿಸಿದರು. ಹೊಸ ಸ್ಲೈಡ್ ಮಾಡಿ ಈ ಹುಡುಗಿ ಒಬ್ಬಳ ಕೈಲಿ ಮಾತ್ರ ಇನ್ನೊಮ್ಮೆ ಬರೆಸೋಣ, ನಮ್ಮಿಬ್ಬರ ಮಾನವೂ ಉಳಿಯುತ್ತೆ ಅಂದರು.

ಮಾತು ರುಚಿಯಾಗಿಯೇ ಇತ್ತು. ಗುಬ್ಬಿಯೂ ಪಾಸು, ಹೆಡ್‌ಮಿಸ್ ಹತ್ತಿರ ಮಂಗಳಾರತಿಯೂ ತಪ್ಪುತ್ತಿತ್ತು. ಆದರೆ ಸರಿಯಾಗಿ ಬರೆದವಳು ತಪ್ಪು ಬರೆದೆ ಅಂದುಕೊಂಡು ತಿದ್ದಬೇಕಾ? ಟೀಚರಮ್ಮನಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ.

"ಇವಳಿಗೆ ಪೂರ್ತಿ ಮಾರ್ಕು ಹಾಕಿ ಸರ್. ಉಳಿದೋರನ್ನ ವಾಪಸ್ ಕರೆಯೋಣ. ಸ್ಲೈಡ್ ಕೆಡಿಸಿದ್ದು ನಾನು ಅಂತ ಹೆಡ್‌ಮಿಸ್‌ಗೆ ನಾನೇ ಹೇಳ್ತೀನಿ."

ಹೇಳಿದರು, ಬೈಸಿಕೊಂಡರು. ಹೊಸ ಸ್ಲೈಡ್ ಮಾಡಿದರು. ಮಕ್ಕಳು ಗೊಣಗುತ್ತ ಮತ್ತೆ ಸಾಲು ನಿಂತರು. ಪರೀಕ್ಷಕರು ಗುಬ್ಬಿಯ ಸೊನ್ನೆ ಹೊಡೆದುಹಾಕಿ ಪೂರ್ತಿ ಅಂಕ ಹಾಕಿ, ಚಹಾ ಕೇಳದೆ ಹೊರಟುಹೋದರು.

ಸಂಜೆ ಲ್ಯಾಬಿಗೆ ಬೀಗ ಹಾಕಿ ಗೇಟು ದಾಟುವಾಗ ಗುಬ್ಬಿ ಪಕ್ಕಕ್ಕೆ ಬಂದಳು.

"ಚಿಕ್ಕಮ್ಮ, ಅದು ನಿಜವಾಗ್ಲೂ ಹೇಗಿರತ್ತೆ, ಈರುಳ್ಳಿ ಕೋಶ?"

ಪುಸ್ತಕದಲ್ಲಿದೆ ಹೋಗಿ ನೋಡೇ ಅನ್ನೋ ಮಾತು ಟೀಚರಮ್ಮನ ನಾಲಿಗೆ ತುದಿಗೆ ಬಂದೇಬಿಟ್ಟಿತ್ತು. ಅದನ್ನು ನುಂಗಿಕೊಂಡು, ಚೀಲದಿಂದ ಬೀಗದಕೈ ತೆಗೆದು, ಬಂದ ದಾರಿಯಲ್ಲೇ ತಿರುಗಿದರು.